ಮಂಗಳವಾರದ ಖಾಲಿ ಓಟ

ಭಟ್ಕಳ–ಹೊನ್ನಾವರ ಲೈನಿನ ಟೆಂಪೋ ಚಾಲಕರಲ್ಲಿ ಎಲ್ಲೂ ಬರೆದಿಡದ ನಿಯಮವೊಂದಿದೆ. ದಿನದ ಮೊದಲ ಕೈ ಎಲ್ಲಿ ಅಡ್ಡ ಬಂದರೂ ಗಾಡಿ ನಿಲ್ಲಬೇಕು. ಅದು ಬೋಣಿ. ಬೋಣಿಯ ಗಿರಾಕಿಯನ್ನು ಬಿಟ್ಟುಹೋದವನಿಗೆ ಆ ದಿನ ಸೀಟು ತುಂಬುವುದಿಲ್ಲ ಎಂದು ಹೆಚ್ಚಿನವರು ನಂಬುತ್ತಾರೆ. ನಂಬದವರೂ ನಿಲ್ಲಿಸುತ್ತಾರೆ.

ಮಾವಳ್ಳಿಯ ವೆಂಕಟ್ರಮಣ ನಾಯ್ಕ ಪ್ರತಿ ಮಂಗಳವಾರ ಈ ನಿಯಮ ಮುರಿಯುತ್ತಿದ್ದ. ಅಂದು ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಮಾವಳ್ಳಿಯಿಂದ ಹೊನ್ನಾವರದವರೆಗೆ ಒಬ್ಬರನ್ನೂ ಹತ್ತಿಸಿಕೊಳ್ಳದೆ, ಎಲ್ಲೂ ನಿಲ್ಲಿಸದೆ, ಒಂದೇ ವೇಗದಲ್ಲಿ ಓಡಿಸುತ್ತಿದ್ದ. ಮಂಕಿಯಲ್ಲಿ ಕೈ ಎತ್ತಿದವರು ಎತ್ತಿದ ಕೈಯಲ್ಲೇ ನಿಂತು ನೋಡುತ್ತಿದ್ದರು. ಹೊನ್ನಾವರಕ್ಕೆ ಹತ್ತಿರದ ಕಾಸರಕೋಡಿನಲ್ಲಿ ಮೀನು ಮಾರುವ ದುರ್ಗಿ ಒಮ್ಮೆ ಬುಟ್ಟಿ ಕೆಳಗಿಟ್ಟು ರಸ್ತೆಗೇ ಇಳಿದು ಕೈ ಅಡ್ಡ ಹಿಡಿದಿದ್ದಳು. ಅವನು ಪಕ್ಕಕ್ಕೆ ತಿರುಗಿಸಿಕೊಂಡು ಹೋದ. ಆಮೇಲೆ ಅವಳು ಬೇರೆ ದಿನಗಳಲ್ಲೂ ಅವನ ಟೆಂಪೋ ಹತ್ತಲಿಲ್ಲ.

ಕಾರಣ ಗಾಡಿಯಲ್ಲೇ ಇತ್ತು. ಅದು ಹೊಗೆ ನಿಯಂತ್ರಣದ ಹೊಸ ನಿಯಮದ ಬಿಎಸ್-6 ಡೀಸೆಲ್ ಟೆಂಪೋ. ಹೊಗೆಯಲ್ಲಿನ ಮಸಿಯನ್ನು ಹಿಡಿದಿಡಲು ಅದರ ಸೈಲೆನ್ಸರ್ ಕೊಳವೆಯ ದಾರಿಯಲ್ಲಿ ಒಂದು ಫಿಲ್ಟರ್ ಇರುತ್ತದೆ. ಮಸಿ ತುಂಬಿದಾಗ ಎಂಜಿನ್ನೇ ಅದನ್ನು ಸುಟ್ಟುಹಾಕುತ್ತದೆ. ಆದರೆ ಅದಕ್ಕೆ ಬೇಕಾದ ಕಾವು ಬರಬೇಕಾದರೆ ಗಾಡಿ ಸುಮಾರು ಅರ್ಧ ಗಂಟೆ ನಿಲ್ಲದೆ ಓಡಬೇಕು. ಪ್ರತಿ ಕೈಗೂ ನಿಲ್ಲುವ ಲೈನ್ ಟೆಂಪೋದಲ್ಲಿ ಅಂಥ ಅರ್ಧ ಗಂಟೆ ಬರುವುದೇ ಇಲ್ಲ. ಮಸಿ ತುಂಬುತ್ತ ಹೋಗಿ, ಚಾಲಕನ ಎದುರಿನ ಫಲಕದಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿಕೊಳ್ಳುತ್ತದೆ. ಅದನ್ನೂ ಲೆಕ್ಕಿಸದಿದ್ದರೆ ಎಂಜಿನ್ ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ತುಂಬಿದ ಗಾಡಿ ಏರಿನಲ್ಲಿ ತೆವಳುತ್ತದೆ, ಹಿಂದಿನಿಂದ ಬರುವ ಟೆಂಪೋದವನು ಮುಂದೆ ಹೋಗಿ ಜನರನ್ನು ಎತ್ತಿಕೊಳ್ಳುತ್ತಾನೆ.

ಕೊಂಡ ಮೊದಲ ವರ್ಷವೇ ವೆಂಕಟ್ರಮಣನ ಗಾಡಿಯಲ್ಲಿ ದೀಪ ಹಲವು ಸಲ ಹೊತ್ತಿತು. ಕುಮಟೆಯ ಕಂಪನಿ ಸರ್ವಿಸ್ ಸೆಂಟರಿನವರು ವಾರಕ್ಕೊಮ್ಮೆ ಹೀಗೆ ಒಂದೇ ಸಮನೆ ಓಡಿಸಿ ಎಂದು ಸಲಹೆ ಕೊಟ್ಟರು. ಬೇರೆ ಚಾಲಕರಿಗೂ ಅದೇ ಸಲಹೆ ಸಿಕ್ಕಿತ್ತು, ಪಾಲಿಸಿದವನು ಇವನೊಬ್ಬನೇ. ಭಟ್ಕಳ ಸ್ಟ್ಯಾಂಡಿನಲ್ಲಿ ಅದಕ್ಕೆ ವೆಂಕಟ್ರಮಣನ ಮಂಗಳವಾರದ ವ್ರತ ಎಂದು ಹೆಸರು ಬಿತ್ತು. ಪಾರಣೆ ಹೊನ್ನಾವರದಲ್ಲೋ ಕುಮಟೆಯಲ್ಲೋ ಎಂದು ಪಾಂಡು ಎಂಬ ಹಿರಿಯ ಚಾಲಕ ಎಲ್ಲರೆದುರು ಕೇಳುತ್ತಿದ್ದ. ವೆಂಕಟ್ರಮಣ ನಗುತ್ತಿರಲಿಲ್ಲ. ಅವನಿಗೆ ಅದು ತಮಾಷೆಯ ಸಂಗತಿಯಾಗಿ ಕಾಣುತ್ತಿರಲಿಲ್ಲ.

ಮಧ್ಯಾಹ್ನದ ಊಟದ ನಂತರ ಗಾಡಿಯನ್ನು ಜಗದೀಶ ಓಡಿಸುತ್ತಿದ್ದ. ಅವನು ವೆಂಕಟ್ರಮಣನ ಹೆಂಡತಿ ಮಂಗಲಾಳ ತಮ್ಮ, ಬೆಳಕೆಯವನು. ಅವನಿಗೆ ಸ್ಟೀಯರಿಂಗ್ ಹಿಡಿಯಲು ಕಲಿಸಿದ್ದು, ಲೈಸೆನ್ಸ್ ಮಾಡಿಸಿದ್ದು, ಮನೆಯ ಹಿಂದಿನ ಕೋಣೆ ಬಿಟ್ಟುಕೊಟ್ಟದ್ದು ಎಲ್ಲ ಭಾವನೇ. ಆದರೆ ದೀಪ ಹೊತ್ತುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ ಆಗಿತ್ತು. ಹುಡುಗ ಸ್ಟ್ಯಾಂಡಿನಲ್ಲಿ ಎಂಜಿನ್ ಬಂದ್ ಮಾಡದೆ ಮೊಬೈಲ್ ನೋಡುತ್ತ ಕೂರುತ್ತಾನೆ, ಅದಕ್ಕೇ ಮಸಿ ಕಟ್ಟುತ್ತದೆ ಎಂದು ವೆಂಕಟ್ರಮಣ ತೀರ್ಮಾನಿಸಿದ. ಒಂದು ದಿನ ಊಟಕ್ಕೆ ಕೂತಾಗ ಮಂಗಲಾಳ ಎದುರೇ ಹೇಳಿದ:

"ಇನ್ನೊಂದು ಸಲ ಆ ದೀಪ ಹೊತ್ತಿದ್ರೆ ಕೀಲಿ ಇಲ್ಲಿಟ್ಟು ಬೆಳಕೆಗೆ ಹೋಗು. ನಾನು ಎಂತದೂ ಕೇಳೂದಿಲ್ಲ, ನೀನೂ ಎಂತದೂ ಹೇಳೂದು ಬೇಡ."

ಜಗದೀಶ ತಲೆ ಎತ್ತದೆ ಆತು ಎಂದ.

ಆ ಮಳೆಗಾಲ ಮುಗಿಯುವಾಗ ವೆಂಕಟ್ರಮಣ ಹರ್ನಿಯಾ ಆಪರೇಷನ್ ಮಾಡಿಸಿಕೊಂಡು ಕೆಲವು ವಾರ ಮನೆಯಲ್ಲಿ ಮಲಗಿದ. ಗಾಡಿ ಪೂರ್ತಿ ಜಗದೀಶನ ಕೈಯಲ್ಲಿತ್ತು. ಎದ್ದು ಬಂದು ಮತ್ತೆ ಸ್ಟೀಯರಿಂಗ್ ಹಿಡಿದಾಗ ಗಾಡಿ ಮೊದಲಿಗಿಂತ ಚುರುಕಾಗಿದೆ ಅನಿಸಿತು. ದೀಪ ಹೊತ್ತಲಿಲ್ಲ. ಆಮೇಲೆಯೂ ಹೊತ್ತಲಿಲ್ಲ. ಒಂದು ವರ್ಷ ಕಳೆಯಿತು, ಮತ್ತೆ ಅರ್ಧ ವರ್ಷ ಕಳೆಯಿತು. ವೆಂಕಟ್ರಮಣ ಮಂಗಳವಾರದ ಓಟವನ್ನು ಒಂದು ವಾರವೂ ತಪ್ಪಿಸಲಿಲ್ಲ. ಮುಂದಿನ ಸೀಟಿನಲ್ಲಿ ಕೂತವರಿಗೆ ಅವನು ಫಲಕ ತೋರಿಸಿ, ನೋಡಿ, ನಿಯಮದಂತೆ ನಡೆಸಿದರೆ ಯಂತ್ರ ಮೋಸ ಮಾಡುವುದಿಲ್ಲ ಎಂದು ವಿವರಿಸುತ್ತಿದ್ದ. ದೀಪ ಹೊತ್ತಿದ ಗಾಡಿಯವರಿಗೆ ಸ್ಟ್ಯಾಂಡಿನಲ್ಲಿ ಬುದ್ಧಿ ಹೇಳುತ್ತಿದ್ದ. ವಾರಂಟಿ ಮುಗಿದಿದ್ದರಿಂದ ಆಯಿಲ್ ಬದಲಿಸುವುದು ಹೊನ್ನಾವರದ ಸಣ್ಣ ಗ್ಯಾರೇಜಿನಲ್ಲೇ ನಡೆಯುತ್ತಿತ್ತು. ದೀಪವೇ ಹೊತ್ತದ ಗಾಡಿಗೆ ಸ್ಕ್ಯಾನರ್ ಹಾಕುವ ಪ್ರಸಂಗ ಯಾರಿಗೂ ಬರಲಿಲ್ಲ. ಹೊಗೆ ತಪಾಸಣೆಯ ಸರ್ಟಿಫಿಕೇಟ್ ಮಾಡಿಸಿಕೊಂಡು ಬರುವ ಕೆಲಸವನ್ನು ಜಗದೀಶ ತಾನಾಗಿಯೇ ವಹಿಸಿಕೊಂಡಿದ್ದ.

ಫಿಟ್‌ನೆಸ್ ನವೀಕರಣದ ದಿನ ಬಂತು. ಬಾಡಿಗೆ ಗಾಡಿಗಳು ಅದಿಲ್ಲದೆ ರಸ್ತೆಗಿಳಿಯುವಂತಿಲ್ಲ. ಜಗದೀಶ ತಾನೇ ಒಯ್ಯುತ್ತೇನೆ ಎಂದ. ವೆಂಕಟ್ರಮಣ ಒಪ್ಪಲಿಲ್ಲ. ಇದು ತಾನೇ ಹೋಗಿ ನಿಲ್ಲಬೇಕಾದ ಜಾಗ ಎಂದು ಅವನಿಗೆ ಅನಿಸಿತ್ತು. ಬೆಳಿಗ್ಗೆ ಗಾಡಿ ತೊಳೆದು, ಒಗೆದ ಅಂಗಿ ಹಾಕಿಕೊಂಡು ಹೊನ್ನಾವರಕ್ಕೆ ಹೊರಟ.

ಅಲ್ಲಿ ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರ್ ಸಂಪದಾ ಹೆಗಡೆ ಎಂಬವರು. ಬ್ರೇಕು, ಲೈಟು, ಟೈರು ಎಲ್ಲ ನೋಡಿ ಸರಿ ಎಂದರು. ನಂತರ ಸಹಾಯಕ ಹೊಗೆ ಕೊಳವೆಗೆ ನಳಿಗೆ ತೂರಿಸಿ ಆಕ್ಸಿಲರೇಟರ್ ಒತ್ತಲು ಹೇಳಿದ. ವೆಂಕಟ್ರಮಣ ಕೊನೆಯವರೆಗೆ ಒತ್ತಿದ. ಯಂತ್ರ ತೋರಿಸಿದ ಅಂಕಿ ಮಿತಿಯನ್ನು ಎಷ್ಟೋ ಮೀರಿತ್ತು. ಅವನು ಇಳಿದು ಬಂದು, ನಿಮ್ಮ ಯಂತ್ರ ಸರಿಯಿಲ್ಲ, ಇನ್ನೊಮ್ಮೆ ನೋಡಿ ಎಂದ. ಅವರು ಬೇಸರಿಸದೆ ಇನ್ನೊಮ್ಮೆ ನೋಡಿದರು. ಅದೇ ಅಂಕಿ.

"ಮೇಡಂ, ಒಂದೂವರೆ ವರ್ಷದಿಂದ ಈ ಗಾಡಿಯಲ್ಲಿ ದೀಪ ಹೊತ್ತಲಿಲ್ಲ. ಬೇಕಾದ್ರೆ ಭಟ್ಕಳ ಸ್ಟ್ಯಾಂಡಲ್ಲಿ ಯಾರನ್ನೂ ಕೇಳಿ."

"ನಾನು ಹೇಳೋದೂ ಅದೇ," ಎಂದರು ಸಂಪದಾ. "ಇಷ್ಟು ಹೊಗೆ ಬಿಡುವ ಗಾಡಿಯಲ್ಲಿ ದೀಪ ಹೊತ್ತಬೇಕಿತ್ತು. ಯಾಕೆ ಹೊತ್ತಲಿಲ್ಲ ಅಂತ ಕಂಪನಿಯವರ ಹತ್ತಿರ ನೋಡಿಸಿ ಬನ್ನಿ."

ಸುತ್ತ ನಿಂತಿದ್ದ ಚಾಲಕರ ಕಡೆ ನೋಡದೆ ಅವನು ಗಾಡಿ ತಿರುಗಿಸಿದ. ಕುಮಟೆಯ ಸರ್ವಿಸ್ ಸೆಂಟರಿನಲ್ಲಿ ಸುಹಾಸ ಎಂಬ ಎಂಜಿನಿಯರ್ ಸ್ಟೀಯರಿಂಗಿನ ಕೆಳಗೆ ತಂತಿ ಚುಚ್ಚಿ ಸ್ಕ್ಯಾನರ್ ಹಿಡಿದು ಕೂತ. ಫಿಲ್ಟರಿನ ಹಿಂದೆ ಮುಂದೆ ಹೊಗೆಯ ಒತ್ತಡದಲ್ಲಿ ಸ್ವಲ್ಪವಾದರೂ ವ್ಯತ್ಯಾಸ ಇರಬೇಕು, ಇಲ್ಲಿ ಎರಡೂ ಕಡೆ ಒಂದೇ ಇದೆ ಎಂದ. ಎಂಜಿನ್ ಕಂಪ್ಯೂಟರಿನಲ್ಲಿದ್ದ ಪ್ರೋಗ್ರಾಂ ಕಂಪನಿಯದಲ್ಲ. ಮಸಿ ಸುಟ್ಟದ್ದರ ಕೊನೆಯ ದಾಖಲೆ ಗಾಡಿ ನಲವತ್ತು ಸಾವಿರ ಕಿಲೋಮೀಟರ್ ಓಡಿದಾಗಿನದು. ಈಗ ಮೀಟರ್ ಎಪ್ಪತ್ತೊಂಬತ್ತು ಸಾವಿರ ತೋರಿಸುತ್ತಿತ್ತು.

ಗಾಡಿಯನ್ನು ಮೇಲೆತ್ತಿ, ಸುಹಾಸ ಅವನನ್ನು ಅಡಿಗೆ ಕರೆದು ಟಾರ್ಚ್ ಬಿಟ್ಟು ತೋರಿಸಿದ. ಫಿಲ್ಟರಿನ ಉಕ್ಕಿನ ಡಬ್ಬಿಯ ಮೇಲ್ಭಾಗದಲ್ಲಿ, ಗಾಡಿ ನೆಲದ ಮೇಲಿದ್ದಾಗ ಬಗ್ಗಿ ನೋಡಿದರೆ ಕಾಣದ ಜಾಗದಲ್ಲಿ, ಒಂದು ವೆಲ್ಡಿಂಗ್ ಗೆರೆ ಇತ್ತು. ಡಬ್ಬಿ ಕೊಯ್ದು ಒಳಗಿನದನ್ನು ಒಡೆದು ತೆಗೆದು ಮತ್ತೆ ಮುಚ್ಚಿದ್ದರು. ಸುಹಾಸ ಸ್ಪ್ಯಾನರಿನಿಂದ ಕುಟ್ಟಿದ. ಖಾಲಿ ಡಬ್ಬಿಯ ಸದ್ದು ಬಂತು.

"ಇದರಲ್ಲಿ ಎಂತದೂ ಇಲ್ಲ ನಾಯ್ಕರೇ. ದೀಪ ಹೊತ್ತದ ಹಾಗೆ ಬರೆದಿಟ್ಟಿದ್ದಾರೆ, ಗಾಡಿಗೆ ಹೇಳಲಿಕ್ಕೇ ಬರದ ಹಾಗೆ."

ಹಾಗಾದರೆ ತಾನು ವಾರಕ್ಕೊಮ್ಮೆ ಓಡಿಸಿದ್ದು ಎಂದು ವೆಂಕಟ್ರಮಣ ಕೇಳಿದ. ಯಾವ ಓಟ ಎಂದು ಸುಹಾಸ ಕೇಳಿದ. ಅವನು ವಿವರಿಸಿದ. ಸುಹಾಸ ಟಾರ್ಚ್ ಆರಿಸಿ, ಅದರಿಂದ ಏನೂ ಆಗಿಲ್ಲ, ಸುಡಲಿಕ್ಕೆ ಒಳಗೆ ಏನೂ ಇರಲಿಲ್ಲ ಎಂದ. ನಲವತ್ತು ಸಾವಿರ ಯಾವಾಗಿನದೆಂದು ವೆಂಕಟ್ರಮಣನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆಪರೇಷನ್ನಿಗೆ ಹೋಗುವ ಮುನ್ನ ಆಯಿಲ್ ಬದಲಿಸಿದ್ದು ಆ ಮೀಟರಿಗೆ.

ವಾಪಸ್ ಬರುವಾಗ ಹೊನ್ನಾವರದ ಸ್ಟ್ಯಾಂಡಿನಲ್ಲಿ ಪಾಂಡು ಸಿಕ್ಕ. ವಿಷಯ ಅವನಿಗೆ ಆಗಲೇ ತಲುಪಿತ್ತು. ನಿನಗೆ ಗೊತ್ತಿತ್ತೇ ಎಂದು ವೆಂಕಟ್ರಮಣ ನೇರವಾಗಿ ಕೇಳಿದ. ಪಾಂಡು ಬೀಡಿ ಹೊತ್ತಿಸಿಕೊಳ್ಳುವವರೆಗೆ ಕಾಯಿಸಿದ.

"ನಿನ್ನ ಗಾಡಿ ಹಿಂದೆ ಬಂದವ್ರಿಗೆಲ್ಲ ಗೊತ್ತಿತ್ತು ಮಾರಾಯ. ಗೊತ್ತಿಲ್ದೆ ಇದ್ದದ್ದು ಒಳಗೆ ಕೂತವನಿಗೆ ಮಾತ್ರ."

ಅದು ನಿಜ ಎಂದು ವೆಂಕಟ್ರಮಣನಿಗೆ ಹೊಳೆಯಿತು. ತನ್ನ ಗಾಡಿಯ ಹಿಂದೆ ಅವನು ಯಾವತ್ತೂ ಹೋದದ್ದಿಲ್ಲ. ಮತ್ತೆ ಯಾಕೆ ಹೇಳಲಿಲ್ಲ ಎಂದದ್ದಕ್ಕೆ ಪಾಂಡು, ನೀನೇ ಮಾಡಿಸಿ ಮೇಲೆ ವ್ರತದ ನಾಟಕ ಆಡುತ್ತೀ ಅಂತ ತಿಳಿದಿದ್ದೆವು ಎಂದ. ವ್ಯಂಗ್ಯವಿಲ್ಲದೆ ಹೇಳಿದ. ವೆಂಕಟ್ರಮಣನಿಗೆ ಬೇರೆ ಎಲ್ಲದಕ್ಕಿಂತ ಹೆಚ್ಚು ನೋವಾದದ್ದು ಆ ಮಾತಿನಿಂದ. ಗಾಡಿ ಕೆಟ್ಟರೆ ಸರಿಮಾಡಬಹುದು. ತಾನು ಮಾಡಿದ್ದನ್ನೇ ಹೇಳುವವನು, ಹೇಳಿದ್ದನ್ನೇ ಮಾಡುವವನು ಎಂಬ ಹೆಸರೊಂದನ್ನು ಆ ಲೈನಿನಲ್ಲಿ ಗಳಿಸಿದ್ದೇನೆ ಎಂದು ಅವನು ಅಂದುಕೊಂಡಿದ್ದ. ಅದು ಹೋಗಿ ಒಂದೂವರೆ ವರ್ಷವಾಗಿತ್ತು.

ಮನೆಗೆ ಬಂದಾಗ ಜಗದೀಶ ಅಂಗಳದಲ್ಲಿ ಬಾವಿಕಟ್ಟೆಯ ಮೇಲೆ ಕೂತಿದ್ದ. ಸುಳ್ಳು ಹೇಳಲು ಅವನು ಪ್ರಯತ್ನಿಸಲಿಲ್ಲ. ಭಾವ ಹಾಸಿಗೆಯಲ್ಲಿದ್ದಾಗ ದೀಪ ಹೊತ್ತಿತು. ಓಡಿಸಿ ಸುಡಲು ನೋಡಿದ, ಆರಲಿಲ್ಲ. ಕಂಪನಿಗೆ ಒಯ್ದರೆ ಭಾವನಿಗೆ ಫೋನ್ ಹೋಗುತ್ತದೆ, ಫೋನ್ ಹೋದರೆ ಕೀಲಿ ಇಟ್ಟು ಹೊರಡಬೇಕಾಗುತ್ತದೆ. ಹುಬ್ಬಳ್ಳಿ ಕಡೆಯಿಂದ ಲ್ಯಾಪ್‌ಟಾಪ್ ಹಿಡಿದು ಬರುವವನೊಬ್ಬನಿದ್ದ. ಲಾರಿಗಳಿಗೆಲ್ಲ ಫಿಲ್ಟರ್ ತೆಗೆದು ಪ್ರೋಗ್ರಾಂ ಬದಲಿಸಿ ಕೊಡುತ್ತಿದ್ದ. ಒಂದು ಮಧ್ಯಾಹ್ನದ ಕೆಲಸ.

"ನೀವು ಹಾಗೆ ಹೇಳ್ದೆ ಇದ್ದಿದ್ರೆ ನಾನು ಬಂದು ಹೇಳ್ತಿದ್ದೆ ಭಾವ," ಎಂದ ಜಗದೀಶ. ಆಮೇಲೆ ಸೇರಿಸಿದ: "ಅಕ್ಕನಿಗೆ ಹೇಳಿದ್ದೆ."

ಮಂಗಲಾ ಬಾಗಿಲಲ್ಲಿ ನಿಂತಿದ್ದಳು. ವೆಂಕಟ್ರಮಣ ಅವಳ ಕಡೆ ತಿರುಗಿದ. ಅವಳು ಹೌದು ಎಂದಳು. ಯಾವಾಗ ಎಂದು ಕೇಳಿದ. ಮಾಡಿಸಿದ ದಿನವೇ ಎಂದಳು. ವೆಂಕಟ್ರಮಣ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಒಳಗೆ ಮಲಗಿದ್ದಾಗ, ಅಡುಗೆಮನೆಯಲ್ಲಿ ತಮ್ಮ ಬಂದು ಹೇಳಿ ಅತ್ತಿದ್ದ. ಗಂಡ ಅವನನ್ನು ಹೊರಹಾಕುವುದು ಅವಳಿಗೆ ಬೇಡವಾಗಿತ್ತು. ಗಾಡಿ ಚೆನ್ನಾಗಿ ಓಡುತ್ತಿದೆ, ದೀಪ ಹೊತ್ತುವುದಿಲ್ಲ, ಇಬ್ಬರ ನಡುವೆ ಜಗಳವಿಲ್ಲ. ಮನೆ ನೆಮ್ಮದಿಯಾಗಿದೆಯಲ್ಲ ಎಂದುಕೊಂಡಳು.

"ಮಂಗಳವಾರ ಮಂಗಳವಾರ ನಾನು ಜನರನ್ನು ಬಿಟ್ಟು ಖಾಲಿ ಹೋಗ್ತಿದ್ದೆ. ಆಗಲಾದ್ರೂ ಬೇಡ ಅನ್ಬಹುದಿತ್ತು."

"ಖಾಲಿ ಹೋಗೂದ್ರಲ್ಲಿ ನಿಮಗೆ ಖುಷಿ ಇತ್ತು," ಎಂದಳು ಮಂಗಲಾ.

ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ.

ಆಮೇಲೆ ಮಂಗಲಾಳೇ ಒಳಗೆ ಕರೆದು ತನ್ನ ಕೇಳಿಕೆ ಇಟ್ಟಳು. ಇನ್‌ಸ್ಪೆಕ್ಟರ್ ಇದನ್ನು ಯಾರು ಮಾಡಿಸಿದ್ದು ಎಂದು ಕೇಳಿಯೇ ಕೇಳುತ್ತಾರೆ. ತಮ್ಮನ ಹೆಸರು ಹೇಳಿದರೆ ಅವನ ಲೈಸೆನ್ಸಿಗೆ ಕುತ್ತು ಬರಬಹುದು, ಅದು ಹೋದರೆ ಅವನಿಗೆ ಬೇರೆ ಕೆಲಸ ಬರುವುದಿಲ್ಲ. ಗಾಡಿ ನಿಮ್ಮ ಹೆಸರಿನಲ್ಲಿದೆ, ದಂಡ ಹೇಗೂ ನಿಮಗೇ ಬೀಳುತ್ತದೆ, ನೀವೇ ಮಾಡಿಸಿದ್ದು ಎಂದುಬಿಡಿ ಎಂದಳು. ವೆಂಕಟ್ರಮಣ ಆತು ಎನ್ನಲಿಲ್ಲ, ಆಗುವುದಿಲ್ಲ ಎಂದೂ ಅನ್ನಲಿಲ್ಲ. ತಾನು ಮಾಡಲಿಲ್ಲ ಎಂದು ಹೇಳಲು ಉಳಿದಿರುವ ಒಂದೇ ಜಾಗ ಆ ಕಚೇರಿ. ಅಲ್ಲಿಯೂ ಹೇಳಬಾರದೆಂದರೆ ಇನ್ನೆಲ್ಲೂ ಹೇಳುವಂತಿರಲಿಲ್ಲ.

ಮರುದಿನ ಬೆಳಿಗ್ಗೆ ಜಗದೀಶ ಕಾಣಲಿಲ್ಲ. ಎಲ್ಲಿ ಎಂದದ್ದಕ್ಕೆ, ಹೊಸ ಫಿಲ್ಟರಿನ ವಿಷಯ ಕೇಳಿ ಬರಲು ಕುಮಟೆಗೆ ಹೋಗಿದ್ದಾನೆ ಎಂದಳು ಮಂಗಲಾ. ತಪ್ಪು ಮಾಡಿದವನು ಸರಿಪಡಿಸಲು ಓಡಾಡುತ್ತಿದ್ದಾನೆ ಎಂಬುದು ವೆಂಕಟ್ರಮಣನನ್ನು ಸ್ವಲ್ಪ ಮೆತ್ತಗಾಗಿಸಿತು. ಇನ್‌ಸ್ಪೆಕ್ಟರ್ ಎದುರು ಹೇಳಿಕೆ ಕೊಡಲು ಬಸ್ಸಿನಲ್ಲಿ ಹೊನ್ನಾವರಕ್ಕೆ ಹೋಗುವಾಗ ಅವನು ಯೋಚಿಸುತ್ತ ಹೋದ. ತನ್ನ ಬೆದರಿಕೆಯಿಂದಲೇ ಹುಡುಗ ಹೆದರಿದ ಎಂಬುದರಲ್ಲಿ ಒಂದಿಷ್ಟು ಸತ್ಯವಿತ್ತು. ಸ್ಟ್ಯಾಂಡಿನವರು ಹೇಗೂ ತನ್ನನ್ನು ಕಳ್ಳನೆಂದೇ ತಿಳಿದಿದ್ದಾರೆ, ಇನ್ನೊಬ್ಬರು ತಿಳಿದರೆ ಏನು ಹೋಗುವುದು. ಶರಾವತಿ ಸೇತುವೆ ದಾಟುವಷ್ಟರಲ್ಲಿ ಅವನು ತೀರ್ಮಾನ ಮಾಡಿಯಾಗಿತ್ತು. ನಾನೇ ಮಾಡಿಸಿದೆ ಎಂದು ಹೇಳುವುದು. ಹೇಳಿ ಬಂದ ಮೇಲೆ ಮನೆಯಲ್ಲಿ ಅದರ ಬಗ್ಗೆ ಒಂದು ಮಾತೂ ಎತ್ತದಿರುವುದು. ಅದು ತನ್ನದೇ ಒಂದು ದೊಡ್ಡತನ ಎಂದು ಅನಿಸಿ ಎದೆ ಹಗುರಾಯಿತು.

ಸಂಪದಾ ಹೆಗಡೆ ಸುಹಾಸ ಕಳಿಸಿದ್ದ ವರದಿಯನ್ನು ಓದಿ ಮುಗಿಸಿದ್ದರು. ಅವನನ್ನು ಕೂರಲು ಹೇಳಿದರು.

"ನಿಮ್ಮ ಭಾವಮೈದುನ ಈಗಷ್ಟೇ ಬಂದು ಹೋದರು," ಎಂದರು. "ಮಾಲೀಕರೇ ಮಾಡಿಸು ಅಂದರು, ನಾನು ಗಾಡಿ ತೆಗೆದುಕೊಂಡು ಹೋಗಿ ನಿಲ್ಲಿಸಿದೆ ಅಷ್ಟೇ ಅಂತ ಹೇಳಿಕೆ ಕೊಟ್ಟಿದ್ದಾರೆ. ನಿಮ್ಮ ಮನೆಯವರೂ ಫೋನಿನಲ್ಲಿ ಹೌದು ಅಂದರು. ಇದು ಸರಿಯಾ?"

ವೆಂಕಟ್ರಮಣ ಮೇಜಿನ ಅಂಚು ಹಿಡಿದುಕೊಂಡು ಕೂತ. ಕಿಟಕಿಯ ಹೊರಗೆ ಲಾರಿಯೊಂದು ಪರೀಕ್ಷೆಗೆ ನಿಂತು ಎಂಜಿನ್ ಏರಿಸುತ್ತಿತ್ತು. ಅದರ ಸದ್ದು ನಿಲ್ಲುವವರೆಗೆ ಮಾತಾಡಿದರೂ ಕೇಳಿಸುವಂತಿರಲಿಲ್ಲ. ಅಷ್ಟು ಸಮಯ ಅವನಿಗೆ ಸಿಕ್ಕಿತು. ಆಪರೇಷನ್ನಿನ ದಿನಾಂಕ, ಮೀಟರಿನ ಅಂಕಿ, ಎರಡನ್ನೂ ಸೇರಿಸಿ ಹೇಳಿದರೆ ಈ ಹೆಂಗಸು ನಂಬುತ್ತಾರೆ ಎಂದು ಅವನಿಗೆ ಗೊತ್ತಿತ್ತು. ಅವರು ಕೇಳಿದ ರೀತಿಯೇ ಅವರಿಗೂ ಸಂಶಯವಿದೆ ಎಂದು ತಿಳಿಸುತ್ತಿತ್ತು. ಆದರೆ ಹಾಗೆ ಹೇಳಿದರೆ ಮಂಗಲಾ ಸುಳ್ಳು ಹೇಳಿದಳು ಎಂದೂ ಹೇಳಿದಂತಾಗುತ್ತದೆ, ಅದನ್ನು ಬರೆದುಕೊಳ್ಳುತ್ತಾರೆ.

"ಸರಿ ಮೇಡಂ," ಎಂದ. "ನಾನೇ ಮಾಡ್ಸಿದ್ದು."

ಹೇಳಲು ಬಂದಿದ್ದ ಮಾತನ್ನೇ ಅವನು ಹೇಳಿದ್ದ. ತಾನಾಗಿ ಕೊಡಬೇಕೆಂದು ತಂದಿದ್ದನ್ನು ಅಕ್ಕ ತಮ್ಮ ಸೇರಿ ಅವನು ಬರುವ ಮೊದಲೇ ಅವನ ಜೇಬಿನಿಂದ ತೆಗೆದಿದ್ದರು, ಅಷ್ಟೇ ವ್ಯತ್ಯಾಸ. ಸಂಪದಾ ಒಂದು ಕ್ಷಣ ಅವನ ಮುಖ ನೋಡಿದರು. ನಂತರ, ಹೊಸ ಫಿಲ್ಟರು ಮತ್ತು ಕಂಪನಿಯ ಪ್ರೋಗ್ರಾಂ ಹಾಕಿಸಿ ತರುವವರೆಗೆ ಗಾಡಿ ರಸ್ತೆಗಿಳಿಯುವಂತಿಲ್ಲ ಎಂದು ಹೇಳಿ ಸಹಿ ಮಾಡಿಸಿಕೊಂಡರು.

ಗಾಡಿ ಸರಿಯಾಗಲು ತಿಂಗಳೇ ಹಿಡಿಯಿತು. ಜಗದೀಶ ಅಷ್ಟರಲ್ಲಿ ಬೆಳಕೆಗೆ ಹೋಗಿ ಬೇರೆಯವರ ಗೂಡ್ಸ್ ಗಾಡಿ ಓಡಿಸತೊಡಗಿದ. ಅವನನ್ನು ಹೋಗು ಎಂದು ಯಾರೂ ಹೇಳಲಿಲ್ಲ. ಫಿಟ್‌ನೆಸ್ ಸಿಕ್ಕಿ ಟೆಂಪೋ ಮತ್ತೆ ಲೈನಿಗಿಳಿದ ಮೇಲೆ ವೆಂಕಟ್ರಮಣ ಬೆಳಿಗ್ಗೆಯೂ ಸಂಜೆಯೂ ಒಬ್ಬನೇ ಓಡಿಸಿದ. ಸ್ಟ್ಯಾಂಡಿನಲ್ಲಿ ಯಾರಿಗೂ ಬುದ್ಧಿ ಹೇಳಲಿಲ್ಲ. ಪಾಂಡುವೂ ವ್ರತದ ಮಾತು ಎತ್ತಲಿಲ್ಲ.

ಫೋನಿನ ವಿಷಯವನ್ನು ಅವನು ಮಂಗಲಾಳಲ್ಲಿ ಕೇಳಲಿಲ್ಲ. ಕುಮಟೆಗೆ ಹೋಗಿದ್ದಾನೆ ಎಂದು ಯಾಕೆ ಹೇಳಿದೆ ಎಂದೂ ಕೇಳಲಿಲ್ಲ. ಅವಳು ಅವನು ಕೇಳುತ್ತಾನೆಂದು ಕೆಲವು ದಿನ ಕಾದಳು. ನಡುವೆ ಒಮ್ಮೆ ತಾನಾಗಿಯೇ ಹೇಳಲು ಹೊರಟು, ಅವನು ಸ್ನಾನಕ್ಕೆ ಎದ್ದುಹೋದದ್ದರಿಂದ ನಿಲ್ಲಿಸಿದಳು. ಮನೆಯಲ್ಲಿ ಜಗಳವಿರಲಿಲ್ಲ. ಅವನು ಬೇಕಾದಷ್ಟು ಮಾತಾಡುತ್ತಿದ್ದ, ಸಾಮಾನು ತಂದುಹಾಕುತ್ತಿದ್ದ, ಅವಳ ಕಾಲುನೋವಿಗೆ ಎಣ್ಣೆ ತಂದುಕೊಟ್ಟ.

ಒಂದು ಮಧ್ಯಾಹ್ನ ಅವಳು ಒಳಗಿನಿಂದ ಅನ್ನ ಆಗಿದೆ, ಬನ್ನಿ ಎಂದಳು. ಅವನು ಕೈ ತೊಳೆದು ಬಂದು, ಮಣೆಯ ಮೇಲೆ ಕೂರುವ ಮೊದಲು ಒಲೆಯ ಹತ್ತಿರ ಹೋಗಿ ಪಾತ್ರೆಯ ಮುಚ್ಚಳ ಎತ್ತಿ ನೋಡಿದ. ಅನ್ನ ಆಗಿತ್ತು. ಮುಚ್ಚಳ ಮುಚ್ಚಿ ಬಂದು ಕೂತ. ತಾನು ಹಾಗೆ ಮಾಡಿದ್ದು ಅವನ ಗಮನಕ್ಕೆ ಬಂದಂತೆ ಕಾಣಲಿಲ್ಲ. ಮರುದಿನವೂ ಎತ್ತಿ ನೋಡಿದ. ಅದರ ಮರುದಿನವೂ.

ಆಮೇಲೆ ಮಂಗಲಾ ಊಟಕ್ಕೆ ಕರೆಯುವ ಮೊದಲೇ ಪಾತ್ರೆಗಳ ಮುಚ್ಚಳ ತೆಗೆದಿಡಲು ಶುರುಮಾಡಿದಳು.